ಬಾಯ್ಲರ್ ಮುಳ್ಳು ಇಳಿದ ಚಳಿಗಾಲ

ಅಕ್ಟೋಬರ್ 17, ಬೆಳಿಗ್ಗೆ

ಬಾಯ್ಲರ್‌ನ ನೀರಿನ ಒತ್ತಡ ತೋರಿಸುವ ಮುಳ್ಳು ಮತ್ತೆ ಸೊನ್ನೆ. ನಿನ್ನೆ ಮಲಗುವ ಮುಂಚೆ ಒಂದೂವರೆ ತನಕ ತುಂಬಿಸಿದ್ದೆ. ಬಾಯ್ಲರ್ ಕೆಂಪು ದೀಪ ಹಚ್ಚಿಕೊಂಡು ಸುಮ್ಮನೆ ನಿಂತಿತ್ತು. ಬಿಸಿನೀರು ಹರಿದು ಕೋಣೆ ಬೆಚ್ಚಗಿಡಬೇಕಾದ ರೇಡಿಯೇಟರ್‌ಗಳೆಲ್ಲ ಹೆಣದ ಹಾಗೆ ತಣ್ಣಗೆ. ಅಡಿಯ ಸಣ್ಣ ನಲ್ಲಿ ತಿರುಗಿಸಿ ನೀರು ಬಿಟ್ಟೆ. ಸುಯ್ ಎಂದು ಸದ್ದು, ಮುಳ್ಳು ಮೇಲೆ ಬಂತು, ಒಳಗೆ ಬೆಂಕಿ ಹತ್ತಿತು. ಈಗ ದಿನಾ ಇದೇ. ಹಲ್ಲುಜ್ಜುವುದು, ಬಾಯ್ಲರ್‌ಗೆ ನೀರು ಕುಡಿಸುವುದು, ಗಂಡ ಇಡ್ವಾಲ್‌ಗೆ ಕಾಲುಚೀಲ ಹಾಕುವುದು.

ಹಾಸಿಗೆಯಿಂದಲೇ ಕೂಗಿದ. "ಎಷ್ಟಿದೆ?"

"ಸೊನ್ನೆ."

"ಕನ್ನಡಕ ಹಾಕ್ಕೊಂಡು ನೋಡಿದ್ಯಾ?"

"ಸೊನ್ನೆ ನೋಡಕ್ಕೆ ಕನ್ನಡಕ ಯಾಕಪ್ಪ?"

ಈ ಕಣಿವೆಯಲ್ಲಿ ಆಯುಷ್ಯವೆಲ್ಲ ಮನೆಮನೆಗೆ ಹೀಟಿಂಗ್ ಹಾಕಿದವನು. ಗುಡ್ಡದ ಮೈಗೆ ಅಂಟಿದ ನಮ್ಮ ಬ್ರಿನ್ ಸಾಲಿನ ಮನೆಗಳದ್ದೆಲ್ಲ ಅವನದೇ ಕೈಕೆಲಸ. ಈಗ ಸ್ವಂತ ಮನೆಯ ಪೈಪು ಮಾತು ಕೇಳುತ್ತಿಲ್ಲ, ಅವನ ಬಲಗೈಯ ಹಾಗೆ. ಸ್ಟ್ರೋಕ್ ಹೊಡೆದು ವರ್ಷವಾಗುತ್ತ ಬಂತು. ಚಳಿ ತಾಗಿದರೆ ಕೈ ಕಟ್ಟಿಗೆಯಾಗುತ್ತದೆ, ಎದೆ ಕಟ್ಟುತ್ತದೆ. ಮನೆ ಬೆಚ್ಚಗಿರಲೇಬೇಕು ಎಂದು ಡಾಕ್ಟರ್ ಹೇಳಿ ಹೇಳಿ ಸೋತಿದ್ದಾರೆ.


ಅಕ್ಟೋಬರ್ 19

ಇವತ್ತಿನಿಂದ ನಾನು ಅವನ ಕೈ. ಅವನು ಕುರ್ಚಿಯಲ್ಲಿ, ನಾನು ಮಂಡಿಯೂರಿ ನೆಲದಲ್ಲಿ. ಪ್ರತಿ ರೇಡಿಯೇಟರಿನ ಎರಡೂ ತುದಿಗೆ ಅಡುಗೆಮನೆ ಟಿಶ್ಯೂ ಸುತ್ತಿ ಕಟ್ಟಿದೆ. ಒದ್ದೆಯಾದ ಕಡೆ ಲೀಕ್. ಮನೆಯೆಲ್ಲ ಬ್ಯಾಂಡೇಜು ಹಾಕಿಸಿಕೊಂಡ ಹಾಗಿತ್ತು.

"ಅಲ್ಲ, ಆ ನಟ್ ಕೆಳಗೆ. ಕೆಳಗೆ ಅಂದೆ ಲುನೆಡ್. ಶಾಲೆ ಅಡುಗೆಮನೇಲಿ ಇಷ್ಟು ವರ್ಷ ಏನು ಮಾಡಿದೆ ನೀನು?"

"ಬಾಯಿ ಜಾಸ್ತಿ ಮಾಡೋ ಹುಡುಗರಿಗೆ ಎಲೆಕೋಸು ಜಾಸ್ತಿ ಬಡಿಸ್ತಿದ್ದೆ."

ನಕ್ಕ. ಬಾಯಿಯ ಎಡ ಅರ್ಧ ಮಾತ್ರ ನಗುತ್ತದೆ ಈಗ.

ಸಂಜೆ ಎಲ್ಲ ಬಿಚ್ಚಿ ನೋಡಿದೆ. ಒಂದೂ ಒದ್ದೆಯಾಗಿಲ್ಲ. ಮುಳ್ಳು ಮಾತ್ರ ಅರ್ಧಕ್ಕೆ ಇಳಿದಿತ್ತು.

ಪಕ್ಕದ ಮನೆಯ ನೆಸ್ಟಾ ಬಂದಿದ್ದಳು. ಬಿಸಿ ಕಲ್ಲಿನ ಮೇಲೆ ಬೇಯಿಸಿದ ದ್ರಾಕ್ಷಿ ಕೇಕು ತಂದಿದ್ದಳು, ಇನ್ನೂ ಹಬೆಯಾಡುತ್ತಿತ್ತು. ಅವಳು ಮಾರಲಿಟ್ಟ ಮನೆಗೆ ಗಿರಾಕಿ ಸಿಕ್ಕಿದೆ. ಗಂಡ ಹೆಂಡತಿ ಇಬ್ಬರೇ, ಚಿಕ್ಕ ವಯಸ್ಸು, ಹುಡುಗಿ ಬಸುರಿ. ಕ್ಯಾರಿಸ್ ಅಂತ ಹೆಸರು. ಆ ದುಡ್ಡಲ್ಲಿ ನೆಸ್ಟಾಗೆ ತೆನ್‌ಬಿ ಊರಲ್ಲಿ ಸಮುದ್ರದ ಕಡೆ ಕಿಟಕಿ ಇರುವ ಫ್ಲಾಟು. "ಬೆಳಗಾಗೆದ್ದು ಈ ಗುಡ್ಡದ ಮುಖ ನೋಡಿ ಸಾಕಾಯ್ತು ಕಣೇ" ಅಂದಳು. ಗಂಡ ಸತ್ತ ಮೇಲೆ ಅವಳು ಇಷ್ಟು ಹಗುರಾಗಿ ಮಾತಾಡಿದ್ದು ನಾನು ಕೇಳಿಲ್ಲ. ಅವಳು ಹೋದ ಮೇಲೆ ನನ್ನೊಳಗೆ ಏನೋ ಖಾಲಿಯಾಯಿತು. ಮದುವೆಯಾಗಿ ಬಂದ ದಿನದಿಂದ ಬಟ್ಟೆ ಒಣಗಿಸುವ ಹಗ್ಗದ ಆ ತುದಿಯಲ್ಲಿ ಅವಳೇ.


ಅಕ್ಟೋಬರ್ 23

ಹಿತ್ತಲ ಗೋಡೆಯಿಂದ ಹೊರಗೆ ಬಾಗಿದ ತಾಮ್ರದ ಕೊಳವೆ ಇದೆ. ಒತ್ತಡ ಮಿತಿಮೀರಿದರೆ ಬಾಯ್ಲರ್ ಅಲ್ಲಿಂದ ಉಗುಳುತ್ತದಂತೆ. ಅದರ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದೆ. ಮೂರು ದಿನ ಕಳೆದರೂ ಚೀಲದಲ್ಲಿ ಹನಿ ಇಲ್ಲ.

"ಇನ್ನೊಂದು ಪರೀಕ್ಷೆ ಇದೆ" ಅಂದ ಇಡ್ವಾಲ್. "ಬಾಯ್ಲರ್ ಅಡಿ ಎರಡು ವಾಲ್ವ್. ಹೋಗೋ ನೀರಿಂದು, ಬರೋ ನೀರಿಂದು. ಎರಡೂ ಮುಚ್ಚು. ಮುಚ್ಚಿದ ಮೇಲೂ ಮುಳ್ಳು ಇಳಿದ್ರೆ ತಪ್ಪು ಬಾಯ್ಲರಿಂದು. ನಿಂತ್ರೆ..."

"ನಿಂತ್ರೆ?"

"ಮೊದ್ಲು ಮುಚ್ಚು."

ಮುಚ್ಚಿದೆ. ಕೋಟು ಹಾಕಿಕೊಂಡು ಕಂಬಳಿ ಹೊದ್ದು ದಿನವಿಡೀ ಇಬ್ಬರೂ ಮುಳ್ಳು ಕಾದೆವು. ಕೂದಲೆಳೆಯಷ್ಟೂ ಅಲುಗಲಿಲ್ಲ. ವಾಲ್ವ್ ತೆರೆದೆ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಇಳಿಯತೊಡಗಿತು.

"ಬಾಯ್ಲರ್ ಸರಿಯಾಗಿದೆ" ಅಂದೆ, ಖುಷಿಯಿಂದ. ದಡ್ಡಿ ನಾನು.

"ಹಾಗಾದ್ರೆ ಪೈಪು. ಹಿಂದಿನ ಕೋಣೆ ನೆಲದೊಳಗೆ ಹೂತದ್ದು. ನಾನೇ ಹೂತದ್ದು." ಎಡಗೈಯಿಂದ ಬಲಗೈ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಯಾರದೋ ಮಗುವನ್ನು ಎತ್ತಿ ಇಟ್ಟ ಹಾಗೆ. "ಬೆಸುಗೆ ಬಿಟ್ಟಿದೆ."


ಅಕ್ಟೋಬರ್ 28

ಸರಿಯಾಗಿ ಉಣ್ಣುತ್ತಿಲ್ಲ. ಕುರಿಮಾಂಸದ ಸಾರು ಹಾಗೇ ಆರಿತು. ಬೆಸುಗೆ ಅಂದರೆ ಅವನಿಗೆ ಮಾನ. ಬೇರೆಯವರ ಕೆಲಸ ನೋಡಿ "ಇದೇನು, ಕೋಳಿ ಹಿಕ್ಕೆ ಹಾಕಿದ ಹಾಗಿದೆ" ಅನ್ನುತ್ತಿದ್ದವನು.

ಬರಿಗಾಲಲ್ಲಿ ಹಿಂದಿನ ಕೋಣೆಯ ನೆಲ ತುಳಿಯಲು ಹೇಳಿದ. ಲೀಕಾಗುವ ಕಡೆ ನೆಲ ಬೆಚ್ಚಗಿರುತ್ತದಂತೆ. ಚಾಪೆ ಸುತ್ತಿಟ್ಟು, ಮರಿಗಳಿಗೆ ಜಾಗ ಹುಡುಕುವ ಬೆಕ್ಕಿನಂತೆ ಅಡಿಯಿಂದಡಿಗೆ ನಡೆದೆ. ಮಂಜುಗಡ್ಡೆ ನೆಲ. ಆಮೇಲೆ ಗುಡ್ಡದ ಕಡೆ ಗೋಡೆಯ ಹತ್ತಿರ — ಬೆಚ್ಚಗೆ. ಆಗಷ್ಟೇ ಯಾರೋ ಮಲಗಿ ಎದ್ದು ಹೋದ ಜಾಗದ ಹಾಗೆ.

ಆ ಗೋಡೆಗೇ ಒಂದು ಬಿರುಕು ಇದೆ. ಬೇಸಿಗೆಯಲ್ಲಿ ಬಣ್ಣ ಬಳಿದು ಮುಚ್ಚಿದ್ದೆ. ಈಗ ಮತ್ತೆ ಬಾಯಿ ಬಿಟ್ಟಿದೆ. ಅವನಿಗೆ ಹೇಳಲಿಲ್ಲ.


ನವೆಂಬರ್ 3

ಕೆಳಗಿನ ಬೀದಿಯ ಪ್ಲಂಬರ್ ಗ್ಲಿನ್ ಬಂದು ನೆಲ ಒಡೆದ. ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಇಡ್ವಾಲ್ ಕೂತ. ಶವಪೆಟ್ಟಿಗೆ ತೆರೆಯುವುದನ್ನು ನೋಡುವವನ ಮುಖ.

ಪೈಪು ಸಿಕ್ಕಿತು. ಗ್ಲಿನ್ ಬಟ್ಟೆಯಿಂದ ಒರೆಸಿದ. ಟಾರ್ಚು ಬಿಟ್ಟ. ಮತ್ತೆ ಒರೆಸಿದ.

"ಹೇಳೋ ಮಾರಾಯ. ಬೆಸುಗೆ ಬಿಟ್ಟಿದೆಯಾ?"

"ಇಲ್ಲ ಯಜಮಾನ್ರೆ. ಬೆಸುಗೆ ಕಲ್ಲಿನ ಹಾಗಿದೆ. ಅದರ ಪಕ್ಕ ಪೈಪೇ ಹರಿದಿದೆ. ಜಗ್ಗಿ ಕಿತ್ತ ಹಾಗೆ. ಒಂದು ಮಗ್ಗುಲು ಬಾಯಿ ಬಿಟ್ಟಿದೆ, ಉಗುರು ತೂರುತ್ತೆ."

ಇಡ್ವಾಲ್ ನಕ್ಕ. ಎಷ್ಟು ದಿನವಾಗಿತ್ತು ಹಾಗೆ ನಕ್ಕು. "ಕೇಳಿದ್ಯಾ ಲುನೆಡ್? ಪೈಪು ಹರೀತು, ನನ್ನ ಬೆಸುಗೆ ಬಿಡ್ಲಿಲ್ಲ."

ಆಮೇಲೆ ನಗು ನಿಂತಿತು. ಗ್ಲಿನ್‌ನ ಸುತ್ತಿಗೆಯ ಹಿಡಿ ಪೈಪಿನ ಅಡಿ ಜಾರಿ ಒಳಗೆ ಹೋಗಿತ್ತು, ಪೂರ್ತಿ. ಅಡಿ ಮಣ್ಣಿಲ್ಲ. ನಾನು ಬಗ್ಗಿ ಕೈ ಹಾಕಿದೆ. ಭುಜದವರೆಗೂ ಖಾಲಿ. ತಣ್ಣನೆ ಗಾಳಿ. ಇನ್ನೂ ಆಳದಲ್ಲಿ ಎಲ್ಲೋ ನೀರು ಹರಿಯುವ ಸದ್ದು. ನಮ್ಮ ಪೈಪಿನ ನೀರಲ್ಲ. ಅದಕ್ಕಿಂತ ಬಹಳ ದೊಡ್ಡದು.

"ಗುಡ್ಡದೊಳಗಿನ ಹಳೇ ಗಣಿ ನೀರು" ಅಂದ ಗ್ಲಿನ್. ಟೋಪಿ ತೆಗೆದ, ಯಾಕೋ.

ಅವನು ಹೋದ ಮೇಲೆ ಇಡ್ವಾಲ್ ಬಹಳ ಹೊತ್ತು ಆ ಗುಂಡಿ ನೋಡಿದ. "ತಾಮ್ರ ಸುಮ್ನೆ ಹರಿಯಲ್ಲ ಲುನೆಡ್. ಗುಡ್ಡ ಕೆಳಗೆ ಬರ್ತಿದೆ. ಮನೆಯನ್ನೂ ಜೊತೆಗೆ ಕರ್ಕೊಂಡು."


ನವೆಂಬರ್ 4

ನೆಸ್ಟಾಗೆ ಹೇಳಿದೆ. ಬೇರೆ ಯಾರಿಗೆ ಮೊದಲು ಹೇಳಲಿ?

ಅವಳ ಅಡುಗೆಮನೆ ತುಂಬ ರಟ್ಟಿನ ಪೆಟ್ಟಿಗೆಗಳು. ಪಿಂಗಾಣಿ ತಟ್ಟೆಗಳನ್ನು ಹಳೇ ಪೇಪರಲ್ಲಿ ಸುತ್ತುತ್ತಿದ್ದಳು. ನಾನು ಮಾತು ಮುಗಿಸುವವರೆಗೂ ಸುತ್ತುತ್ತಲೇ ಇದ್ದಳು.

"ಇಪ್ಪತ್ನಾಲ್ಕನೇ ತಾರೀಕು ಮಾರಾಟದ ಪತ್ರಕ್ಕೆ ರುಜು. ಅಲ್ಲೀವರೆಗೆ ಸುಮ್ನಿರು."

"ನೆಸ್ಟಾ, ಆ ಹುಡುಗಿ ಬಸುರಿ."

"ನಾನೂ ಈ ಮನೇಲೇ ಬಸುರಿಯಾಗಿದ್ದೆ. ಏನಾಯ್ತು? ಗುಡ್ಡ ಬಂತಾ?"

"ನೆಲದಡಿ ಟೊಳ್ಳಾಗಿದೆ ಕಣೇ. ಕೈ ಹಾಕಿ ನೋಡಿದೀನಿ."

ಆಗ ಅಂದಳು, ತಟ್ಟೆಯಿಂದ ಕಣ್ಣೆತ್ತದೆ — "ನನ್ನ ಮುಳ್ಳೂ ಬೀಳುತ್ತೆ. ಎರಡು ಚಳಿಗಾಲದಿಂದ. ಬೆಳಿಗ್ಗೆ ಎದ್ದು ತುಂಬಿಸ್ತೀನಿ, ಬೆಕ್ಕಿಗೆ ಹಾಲು ಹಾಕಿದ ಹಾಗೆ. ಅದಕ್ಕೇನೀಗ?"

ನನಗೆ ಕೂರಬೇಕೆನ್ನಿಸಿತು. ಕುರ್ಚಿಗಳ ಮೇಲೆಲ್ಲ ಪೆಟ್ಟಿಗೆ.

"ಇಷ್ಟೇ ನನಗೆ ಉಳಿದಿರೋದು, ಎಲುನೆಡ್." ಅವಳು ಯಾವಾಗಲೂ ಪೂರ್ತಿ ಹೆಸರೇ ಕರೆಯುವುದು; ಲುನೆಡ್ ಅನ್ನುವವನು ಇಡ್ವಾಲ್ ಒಬ್ಬನೇ. "ಈ ಗೋಡೆ ನಾಲ್ಕು. ಇದನ್ನ ಮಾರದೆ ಇದ್ರೆ ನಾನು ಇಲ್ಲೇ ಸಾಯ್ತೀನಿ, ಆ ಗುಡ್ಡ ನೋಡ್ತಾ. ನಿನಗೆ ಇಡ್ವಾಲ್ ಇದ್ದಾನೆ. ನನಗೆ ಇಲ್ಲಿ ಯಾರಿದ್ದಾರೆ?"

ಯೋಚನೆ ಮಾಡ್ತೀನಿ ಅಂದು ಬಂದೆ.


ನವೆಂಬರ್ 8

ಯೋಚನೆ ಎಲ್ಲಿ. ಮೂರು ದಿನದಿಂದ ಇಸ್ತ್ರಿ ಮಾಡಿದ್ದನ್ನೇ ಮತ್ತೆ ಇಸ್ತ್ರಿ ಮಾಡುತ್ತಿದ್ದೇನೆ.

ಇವತ್ತು ಕ್ಯಾರಿಸ್ ನೆಸ್ಟಾ ಮನೆಗೆ ಕರ್ಟನ್ ಅಳತೆ ತೆಗೆಯಲು ಬಂದಿದ್ದಳು. ನಮ್ಮ ಬಾಗಿಲೂ ತಟ್ಟಿದಳು. ಹೊಟ್ಟೆ ಚೆನ್ನಾಗಿ ಮುಂದೆ ಬಂದಿದೆ, ಕೋಟಿನ ಗುಂಡಿ ಸೇರುವುದಿಲ್ಲ. ಕೆಂಪು ಕೂದಲು, ಓಡಿ ಬಂದವಳ ಹಾಗೆ ಉಸಿರು.

"ನಾವು ನಿಮ್ಮ ಪಕ್ಕಕ್ಕೇ ಬರೋದು. ಮುಖ ತೋರಿಸಿ ಹೋಗೋಣ ಅಂತ ಬಂದೆ. ಹೀಟಿಂಗ್ ಎಲ್ಲ ನಿಮ್ಮ ಯಜಮಾನ್ರೇ ಹಾಕಿದ್ದಂತಲ್ಲ? ಚೆನ್ನಾಗಿದೆಯಾ ಆಂಟಿ? ಪಾಪುಗೆ ಹಿಂದಿನ ಕೋಣೆ ಅಂದ್ಕೊಂಡಿದೀವಿ."

ಇಡ್ವಾಲ್ ಕುರ್ಚಿಯಿಂದ ನನ್ನನ್ನೇ ನೋಡುತ್ತಿದ್ದ. ನಮ್ಮ ಹಿಂದಿನ ಕೋಣೆಯ ಬಾಗಿಲು ಮುಚ್ಚಿತ್ತು, ಗುಂಡಿಯ ಮೇಲೆ ಹಲಗೆ.

"ಇವನು ಹಾಕಿದ್ದು" ಅಂದೆ. "ಗಟ್ಟಿ ಕೆಲಸ."

ನೀರು ಕುಡಿದು, ಫೋನ್ ನಂಬರು ಬರೆದುಕೊಟ್ಟು, ಥ್ಯಾಂಕ್ಸ್ ಹೇಳಿ ಹೋದಳು. ಆಮೇಲೆ ಅವನು ನನ್ನ ಜೊತೆ ಒಂದು ಮಾತೂ ಆಡಿಲ್ಲ. ಔಷಧಿ ಕೊಟ್ಟಾಗ ಬಾಯಿ ತೆರೆದ, ಅಷ್ಟೇ.

ಹಿಂದಿನ ಕೋಣೆ. ಪಾಪುಗೆ.


ನವೆಂಬರ್ 9

ಹತ್ತು ಗಂಟೆಗೆ ಊರಾಡಳಿತದ ಕೌನ್ಸಿಲ್‌ಗೆ ಫೋನ್ ಮಾಡಿದೆ. ಹತ್ತೂಕಾಲಿಗೆ ಕ್ಯಾರಿಸ್‌ಗೆ. ಹತ್ತೂವರೆಗೆ ನೆಸ್ಟಾ ಬಾಗಿಲು ತಟ್ಟಿ, ನಾನೇ ಹೇಳಿದೆ ಅಂತ ಹೇಳಿದೆ. ಅವಳು ಬಾಗಿಲು ಮೆಲ್ಲಗೆ ಮುಚ್ಚಿದಳು, ಒಳಗೆ ರೋಗಿ ಮಲಗಿದ್ದಾರೆ ಅನ್ನುವಷ್ಟು ಮೆಲ್ಲಗೆ. ಆಮೇಲೆ ಚಿಲಕ.

ಇಡ್ವಾಲ್ ಮಾತಾಡಿದ. "ಚಹಾ ಮಾಡ್ತೀಯಾ?"


ನವೆಂಬರ್ 16

ಕೌನ್ಸಿಲ್‌ನಿಂದ ಮಿಸ್ ಪಾವೆಲ್ ಎಂಬಾಕೆ ಬಂದರು. ರಬ್ಬರ್ ಬೂಟು, ಮೆಲುದನಿ. ಗುಂಡಿಯೊಳಗೆ ಕ್ಯಾಮರಾ ಇಳಿಸಿದರು. ಬಿರುಕಿನ ಮೇಲೆ ಸಣ್ಣ ಗಾಜಿನ ಪಟ್ಟಿ ಅಂಟಿಸಿದರು. ಗೋಡೆ ಸರಿದರೆ ಅದು ಒಡೆಯುತ್ತದೆ. ಗುಡ್ಡದ ಮೈಗೆ ಅಳತೆಯ ಗೂಟಗಳನ್ನು ಹೊಡೆಸಿದರು.

"ಎಷ್ಟು ದಿನದಿಂದ ಪ್ರೆಶರ್ ಬೀಳ್ತಿತ್ತು?" ಕೇಳಿದರು.

"ಆಗಸ್ಟಿಂದ" ಅಂದ ಇಡ್ವಾಲ್. "ಅಷ್ಟೂ ದಿನ ನನ್ನ ಕೈಯನ್ನೇ ಬಯ್ಕೊಂಡೆ."

"ನೀವು ಹುಡುಕಿದ್ದು ಒಳ್ಳೇದಾಯ್ತು. ಸುಮ್ನೆ ನೀರು ತುಂಬಿಸ್ತಾ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ."

ನಾನು ಗೋಡೆಯ ಕಡೆ ನೋಡಿದೆ. ಆಚೆ ನೆಸ್ಟಾ. ಅವಳ ಮನೆಯ ಬಾಗಿಲನ್ನೂ ಮಿಸ್ ಪಾವೆಲ್ ತಟ್ಟಿದರು. ತೆರೆಯಲಿಲ್ಲ.

ಗ್ಲಿನ್ ಪೈಪು ಮೇಲಿಂದ ಬೇರೆ ಎಳೆದುಕೊಟ್ಟಿದ್ದಾನೆ, ಗೋಡೆಗುಂಟ. ಮುಳ್ಳು ಒಂದೂವರೆಯಲ್ಲಿ ನಿಂತಿದೆ. ಮನೆ ಬೆಚ್ಚಗಿದೆ. ಇಷ್ಟು ಬೆಚ್ಚಗೆ ಎಂದೂ ಇರಲಿಲ್ಲ.


ಡಿಸೆಂಬರ್ 2

ನೆಸ್ಟಾಳ ಮಾರಾಟ ಮುರಿಯಿತು. ಅವಳದಷ್ಟೇ ಅಲ್ಲ, ಈ ಸಾಲಿನಲ್ಲಿ ಇನ್ನು ಯಾರ ಮನೆಯನ್ನೂ ಯಾರೂ ಮೂಸುವುದಿಲ್ಲ.

ಮಾಂಸದಂಗಡಿಯ ಸಾಲಿನಲ್ಲಿ ನಾನು ನಿಂತ ಕೂಡಲೇ ಮಾತು ನಿಂತಿತು. ನಮ್ಮ ಸಾಲಿನ ಕೊನೆ ಮನೆಯಾಕೆ, ನನಗೆ ಬೆನ್ನು ಹಾಕಿಕೊಂಡೇ, ಅಂಗಡಿಯವನಿಗೆ ಅಂದಳು: "ಕೆಲವರು ಬಾಯಿ ಮುಚ್ಕೊಂಡಿದ್ದಿದ್ರೆ ಗುಡ್ಡಕ್ಕೂ ಗೊತ್ತಾಗ್ತಿರ್ಲಿಲ್ಲ."

ಒಬ್ಬ ನಕ್ಕ. ನಾನು ಲಿವರ್ ಕೇಳಿದೆ.

ಚಾಪೆಲ್‌ನ ಪ್ರಾರ್ಥನೆಯಲ್ಲೂ ನಮ್ಮ ಬೆಂಚಿನಲ್ಲಿ ನಾವಿಬ್ಬರೇ. ಹಾಡುವಾಗ ನನ್ನ ದನಿ ನನಗೇ ಕೇಳಿಸಿತು. ನೆಸ್ಟಾ ಎದುರಿನ ಬದಿಗೆ ಹೋಗಿ ಕೂತಿದ್ದಳು. ತೆಳ್ಳಗಾಗಿದ್ದಾಳೆ. ಹೊರಗೆ ಬಂದಾಗ ಹತ್ತಿರ ಹೋದೆ. "ನೆಸ್ಟಾ" ಅಂದೆ. ನನ್ನ ಹೆಗಲ ಮೇಲಿಂದ ಹಿಂದಿನ ಮರ ನೋಡುತ್ತ, ಕೈಗವಸು ಹಾಕಿಕೊಂಡು ಹೋದಳು.

ಅವಳು ಬೈದಿದ್ದರೆ ಆಗುತ್ತಿತ್ತು.


ಡಿಸೆಂಬರ್ 19

ಗಾಜಿನ ಪಟ್ಟಿ ಒಡೆದಿದೆ. ಊಟ ಮಾಡುತ್ತಿದ್ದಾಗ ಟಿಕ್ ಎಂದು ಸದ್ದಾಯಿತು. ಚಮಚ ಬಿತ್ತೇನೋ ಅಂದುಕೊಂಡೆ.

ಗೂಟಗಳೂ ಸರಿದಿವೆಯಂತೆ. ಇಡೀ ಸಾಲು ಖಾಲಿ ಮಾಡಬೇಕೆಂದು ಆದೇಶ. ಮಿಸ್ ಪಾವೆಲ್ ಮನೆಮನೆಗೆ ಹೋಗಿ ಹೇಳಿದರು. ಕೊನೆ ಮನೆಯಾಕೆ ಅವರ ಮುಖಕ್ಕೆ ಕೂಗಾಡಿ, ಆಮೇಲೆ ಅವರ ತೋಳು ಹಿಡಿದೇ ಅತ್ತಳು.

ನೆಸ್ಟಾ ಮಾತ್ರ ಹೋಗುವುದಿಲ್ಲ ಅಂದಳಂತೆ. "ನನ್ನ ಮನೆ. ಮಾರೋಕೆ ಬಿಡ್ಲಿಲ್ಲ, ಇನ್ನು ಇರೋಕೂ ಬಿಡಲ್ವಾ?"


ಜನವರಿ 6

ಕೆಳ ಪೇಟೆಯ ಫ್ಲಾಟು. ಕೌನ್ಸಿಲ್ ಕೊಟ್ಟದ್ದು. ಎರಡು ಕೋಣೆ, ಬಸ್ ಸ್ಟ್ಯಾಂಡಿನ ಸದ್ದು, ಹಿಂದಿದ್ದವರ ಸಿಗರೇಟಿನ ವಾಸನೆ. ಕ್ರಿಸ್ಮಸ್ ಪೆಟ್ಟಿಗೆಗಳ ನಡುವೆಯೇ ಕಳೆಯಿತು.

ಇಲ್ಲಿ ಬಾಯ್ಲರ್ ಇಲ್ಲ. ಗೋಡೆಗೆ ಕರೆಂಟಿನ ಹೀಟರ್, ರಾತ್ರಿ ಕಾವು ತುಂಬಿಕೊಂಡು ಹಗಲು ಬಿಡುವಂಥದ್ದು. ಬೆಳಿಗ್ಗೆ ಸುಡುತ್ತದೆ, ಸಂಜೆ ಬೇಕಾದಾಗ ತಣ್ಣಗೆ. ಇಡ್ವಾಲ್ ಅದರ ಎದುರು ಕೂತು ದಿಟ್ಟಿಸುತ್ತಾನೆ.

"ಇದರಲ್ಲಿ ಏನಿದೆ ನೋಡಕ್ಕೆ?" ಅಂದೆ.

"ಏನೂ ಇಲ್ಲ. ಪೈಪಿಲ್ಲ, ನೀರಿಲ್ಲ, ಮುಳ್ಳಿಲ್ಲ. ಕೆಟ್ರೂ ಹೀಗೇ ಇರುತ್ತೆ, ಸರಿ ಇದ್ರೂ ಹೀಗೇ ಇರುತ್ತೆ. ನನ್ನ ಹಾಗೆ."

ರಾತ್ರಿಯೆಲ್ಲ ಕೆಮ್ಮು.


ಜನವರಿ 24

ಗುಡ್ಡ ಬಿದ್ದಿಲ್ಲ. ದಿನಾ ಬಸ್ ಸ್ಟ್ಯಾಂಡಿಂದ ಕತ್ತೆತ್ತಿ ನೋಡುತ್ತೇನೆ — ಸಾಲು ಹಾಗೇ ಇದೆ. ಖಾಲಿ ಕಿಟಕಿಗಳು. ಒಂದರಲ್ಲಿ ಮಾತ್ರ ದೀಪ. ನೆಸ್ಟಾ.

ಪೊಲೀಸರು ಎರಡು ಸಲ ಹೋಗಿ ಬಂದರು. ಹೊತ್ತು ತರಲು ಆಗುವುದಿಲ್ಲವಂತೆ, ಕೋರ್ಟಿನ ಕಾಗದ ಬೇಕಂತೆ.

ಪೇಟೆಯಲ್ಲಿ ಜನ ಕೇಳುತ್ತಾರೆ. "ಏನಮ್ಮಾ, ನಿಮ್ಮ ಗುಡ್ಡ ಇನ್ನೂ ಹೊರಟಿಲ್ವಾ?" ಏನು ಹೇಳಲಿ. ಬೇಗ ಬೀಳಲಿ ಅಂತ ಒಂದು ಕ್ಷಣ ಬಯಸಿದೆ ಇವತ್ತು. ಬಯಸಿದ ಮೇಲೆ ಆ ದೀಪ ಕಂಡಿತು.


ಫೆಬ್ರವರಿ 9, ಮಧ್ಯಾಹ್ನ ಮೂರು

ವಾರದಿಂದ ಮಳೆ ಬಿಟ್ಟಿಲ್ಲ. ಹೊಳೆ ಸೇತುವೆಯ ಹೊಟ್ಟೆ ಮುಟ್ಟಿದೆ.

ಔಷಧಿ ತರಲು ಹೋಗಿದ್ದೆ. ಬಂದು ನೋಡಿದರೆ ಕುರ್ಚಿ ಖಾಲಿ. ಊರುಗೋಲಿಲ್ಲ, ಕೋಟಿಲ್ಲ. ಕೆಳಗಿನ ಮನೆಯವರು ಹೇಳಿದರು — ಟ್ಯಾಕ್ಸಿ ಕರೆಸಿಕೊಂಡು ಹೋದರಂತೆ, ಡ್ರೈವರ್ ಹಿಡಿದು ಇಳಿಸಿದನಂತೆ.

ಎಲ್ಲಿಗೆ ಅಂತ ಕೇಳಬೇಕಾಗಿರಲಿಲ್ಲ. ನೆಸ್ಟಾಳ ನಂಬರು ಒತ್ತಿದೆ. ಮೂರು ತಿಂಗಳಾದ ಮೇಲೆ. ಎತ್ತಿದಳು.

"ಇಲ್ಲೇ ಇದ್ದಾನೆ" ಅಂದಳು. ದನಿ ಬೇರೆಯೇ ಆಗಿತ್ತು, ಒಡೆದು ಹೋದ ಹಾಗೆ. "ನಾನೇ ಫೋನ್ ಮಾಡಿದ್ದೆ ಅವನಿಗೆ. ಮುಳ್ಳು ಸೊನ್ನೆಗೆ ಬಿತ್ತು ಎಲುನೆಡ್. ತುಂಬಿಸಿದ್ರೂ ಏರ್ತಿಲ್ಲ. ಎಷ್ಟು ನೀರು ಬಿಟ್ರೂ ನೆಲದೊಳಗೇ ಹೋಗ್ತಿದೆ. ಯಾರನ್ನ ಕೇಳ್ಲಿ? ಅದಕ್ಕೇ ಕೇಳ್ದೆ, ಅಷ್ಟೇ. ಬಾ ಅಂತ ಹೇಳ್ಲಿಲ್ಲ."

"ಅವನಿಗೆ ಕೊಡು."

ಇಡ್ವಾಲ್. ಏದುಸಿರು. "ಬಯ್ಬೇಡ. ಇವಳ ಅಡುಗೆಮನೇಲಿ ಕೂತಿದೀನಿ. ನೀನು ಎದ್ದರೆ ನಾನು ಏಳ್ತೀನಿ, ಇಲ್ಲಾಂದ್ರೆ ಇಲ್ಲೇ ಕೂತಿರ್ತೀನಿ ಅಂತ ಹೇಳಿದೀನಿ. ಪುಣ್ಯಾತ್ಗಿತ್ತಿ ಚಹಾ ಕೊಟ್ಟಿದ್ದಾಳೆ."

"ಇಡ್ವಾಲ್, ಎದ್ದು ಬಾ. ಈಗ್ಲೇ."

"ಬರ್ತೀನಿ. ಇವಳು ಕೋಟು ಹುಡುಕ್ತಿದ್ದಾಳೆ. ಯಾವ ಕೋಟು ಅಂತ ಯೋಚನೆ ಮಾಡ್ತಿದ್ದಾಳೆ, ಮದುವೆಗೆ ಹೊರಟ ಹಾಗೆ." ಹಿಂದಿನಿಂದ ನೆಸ್ಟಾ ಏನೋ ಅಂದಳು. ಅವನು ನಕ್ಕ. "ಟ್ಯಾಕ್ಸಿ ಓಣಿ ಕೆಳಗೆ ನಿಂತಿದೆ. ಮೇಲೆ ಬರಕ್ಕೆ ಬಿಡ್ಲಿಲ್ಲ, ಅಡ್ಡಗಟ್ಟೆ ಹಾಕಿದ್ದಾರೆ. ಡ್ರೈವರ್ ತೋಳು ಹಿಡಿದು ಹತ್ತಿಸಿ ವಾಪಸ್ ಹೋದ. ನಡ್ಕೊಂಡೇ ಇಳೀಬೇಕು. ಇಬ್ರೂ ಬರ್ತೀವಿ. ಊಟಕ್ಕೆ ಮೂರು ತಟ್ಟೆ ಇಡು."

ಪೊಲೀಸರಿಗೂ ಫೋನ್ ಮಾಡಿದೆ. ಹೊರಟಿದ್ದಾರಂತೆ. ನಾನು ಹೋಗೋಣವೆಂದರೆ ಸೇತುವೆಯ ಮೇಲೆ ಬಸ್ಸು ಬಿಡುತ್ತಿಲ್ಲ. ಆಲೂಗಡ್ಡೆ ಸುಲಿದಿಟ್ಟೆ. ಕೈಗೆ ಏನಾದರೂ ಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ಮಳೆಯ ಸದ್ದು ಬದಲಾಯಿತು.


ಫೆಬ್ರವರಿ 20

ಬರೆಯಬೇಕು. ಇಲ್ಲವಾದರೆ ಬೇರೆಯವರು ಹೇಳಿದ್ದೇ ಉಳಿಯುತ್ತದೆ.

ಇಬ್ಬರೂ ಮನೆಯಿಂದ ಹೊರಟಿದ್ದರು. ನೆಸ್ಟಾ ಬಾಗಿಲಿಗೆ ಬೀಗ ಹಾಕಿದಳಂತೆ. ಓಣಿ ಕಡಿದು, ಕಲ್ಲು ಹಾಸು, ಮೇಲೆ ನೀರು ಹರಿಯುತ್ತಿತ್ತು. ಅವನು ಊರುಗೋಲಿಟ್ಟು ಒಂದೊಂದೇ ಹೆಜ್ಜೆ. ಅವಳು ತೋಳು ಕೊಟ್ಟಿದ್ದಳು. ಅರ್ಧ ದಾರಿಯಲ್ಲಿ ಗೋಡೆಗೆ ಒರಗಿದ. "ನೀನು ಮುಂದೆ ಹೋಗು, ಆ ಡ್ರೈವರ್‌ನ ಕರ್ಕೊಂಡು ಬಾ, ಇಬ್ರೂ ಹಿಡಿದ್ರೆ ಬೇಗ ಆಗುತ್ತೆ" ಅಂದ. ಅವಳು ಹೋದಳು. ಅಡ್ಡಗಟ್ಟೆಯ ಹತ್ತಿರ ತಲುಪಿದಾಗ ಹಿಂದೆ ಸದ್ದು.

ಗುಡ್ಡ ಕುಸಿದಿತ್ತು. ನಮ್ಮ ಮನೆ, ನೆಸ್ಟಾ ಮನೆ, ಅದರಾಚೆಯದು. ಮೂರೂ ಇಲ್ಲ. ಮಣ್ಣು ಓಣಿಯಲ್ಲಿ ತುಂಬಿ ಇಳಿಯಿತು. ಟ್ಯಾಕ್ಸಿ ಡ್ರೈವರ್ ಬರಿಗೈಯಿಂದ ತೋಡಿದನಂತೆ. ಆಮೇಲೆ ಪೊಲೀಸರು, ಅಗ್ನಿಶಾಮಕದವರು, ಗ್ಲಿನ್, ನಮ್ಮ ಸಾಲಿನ ಗಂಡಸರೆಲ್ಲ ಬಂದರು. ಮಾಂಸದಂಗಡಿಯಲ್ಲಿ ನಕ್ಕಿದ್ದವನೂ ಇದ್ದ. ಮಾರನೆಯ ಬೆಳಿಗ್ಗೆ ಇಡ್ವಾಲ್ ಸಿಕ್ಕಿದ. ಗೋಡೆಗೆ ಒರಗಿಕೊಂಡೇ ಇದ್ದನಂತೆ.

ಮುಖ ನೋಡಿದೆ. ತೊಳೆದಿದ್ದರು. ಕಿವಿಯೊಳಗೆ ಮಣ್ಣು ಉಳಿದಿತ್ತು. ನನ್ನ ಅಂಗಿಯ ತೋಳು ಎಳೆದು, ಅದರ ತುದಿಯಿಂದ ಒರೆಸಿದೆ.


ಫೆಬ್ರವರಿ 23

ಮಣ್ಣು ಮಾಡಿ ಬಂದೆವು. ಚಾಪೆಲ್ ತುಂಬಿತ್ತು. ಈಗ ಎಲ್ಲರೂ ಕೈ ಹಿಡಿಯುತ್ತಾರೆ. ಕೊನೆ ಮನೆಯಾಕೆ ನನ್ನ ಎರಡೂ ಕೈ ಹಿಡಿದು, ಬಿಟ್ಟು, ಹೋದಳು. ಅವಳ ಮೇಲೆ ಸಿಟ್ಟಿಲ್ಲ. ಏನೂ ಇಲ್ಲ.

ಹಿಂದಿನ ಸಾಲಿನಲ್ಲಿ ಕ್ಯಾರಿಸ್ ಮತ್ತು ಅವಳ ಗಂಡ. ಮಗು ಹುಟ್ಟಿದೆ, ಹೆಣ್ಣು, ಮುಷ್ಟಿಯಷ್ಟು ಮುಖ. ಹೊರಗೆ ಬಂದಾಗ ಹತ್ತಿರ ಬಂದು ಮಗುವನ್ನು ನನ್ನ ತೋಳಿಗೆ ಕೊಟ್ಟಳು. ಇಷ್ಟೇ ಭಾರ. ನಿದ್ದೆಯಲ್ಲಿತ್ತು. ಅದರ ನೆತ್ತಿ ಬೆಚ್ಚಗಿತ್ತು. ಸ್ವಲ್ಪ ಹೊತ್ತು ಹಿಡಿದುಕೊಂಡು ವಾಪಸ್ ಕೊಟ್ಟೆ. ಒಳ್ಳೇದಾಯ್ತು ಅನ್ನಲು ಇನ್ನೂ ಆಗುತ್ತಿಲ್ಲ. ಅನ್ನಬೇಕು ಅಂತ ಗೊತ್ತು.


ಮಾರ್ಚ್ 2

ನೆಸ್ಟಾಳನ್ನು ಶಾಲೆಯ ಹಾಲ್‌ನಲ್ಲಿ ಇರಿಸಿದ್ದರು, ಮಡಚುವ ಮಂಚ ಕೊಟ್ಟು. ಇವತ್ತು ಹೋಗಿ ಕರೆದುಕೊಂಡು ಬಂದೆ. ಒಂದು ಕೈಚೀಲ, ಮೈಮೇಲಿನ ಕೋಟು, ಇಲ್ಲದ ಮನೆಯ ಬೀಗದ ಕೈ.

"ಯಾಕೆ ಬಂದೆ?" ಅಂದಳು.

"ಅವನು ಎಬ್ಬಿಸ್ಕೊಂಡು ಬಂದಿದ್ದು ನಿನ್ನನ್ನ. ಇಲ್ಲಿ ಬಿಟ್ರೆ ಅವನು ಹೋಗಿದ್ದು ಯಾಕೆ?"

ಅವಳಿಗೆ ಇಡ್ವಾಲ್ ಮಲಗುತ್ತಿದ್ದ ಕೋಣೆ. ನಾನು ಸೋಫಾದಲ್ಲಿ. ಹಾಸಿಗೆ ಬಟ್ಟೆ ಬದಲಿಸಲು ಹೋದೆ, ಆಗಲಿಲ್ಲ. ಅವಳೇ ಬದಲಿಸಿದಳು. ಹಳೆಯದನ್ನು ಒಗೆಯಲು ಹಾಕದೆ, ಮಡಚಿ ನನ್ನ ಸೋಫಾದ ತುದಿಯಲ್ಲಿ ಇಟ್ಟಳು.


ಮಾರ್ಚ್ 8

ಎರಡು ಹೆಂಗಸರು, ಒಂದು ಹೀಟರ್. ಮಾತು ಕಡಿಮೆ. ಉಪ್ಪು ಕೊಡು, ಕಿಟಕಿ ಮುಚ್ಚು, ಇಷ್ಟೇ. ಕೆಲವು ಹೊತ್ತು ಅವಳ ಉಸಿರಾಟದ ಸದ್ದೂ ಸಹಿಸಲಾಗುವುದಿಲ್ಲ. ಅವಳು ಹೊರಗೆ ಹೋಗಿ ತಡವಾದರೆ ಕಿಟಕಿಯಲ್ಲಿ ನಿಂತು ಕಾಯುತ್ತೇನೆ.

ಮೊನ್ನೆ ಪಾತ್ರೆ ಒರೆಸುತ್ತ ಅಂದಳು, "ಅವನು ಆ ಗೋಡೆ ಹತ್ರ ನಿಂತಾಗ ಇನ್ನೊಂದು ಮಾತು ಹೇಳಿದ. ನಿನಗೆ. ಹೇಳ್ಲಾ?"

ಬೇಡ ಅಂದೆ. ಅಷ್ಟು ಜೋರಾಗಿ ಅಂದೆ ಅಂತ ಗೊತ್ತಾಗಲಿಲ್ಲ, ಅವಳ ಕೈಯಿಂದ ತಟ್ಟೆ ಜಾರಿತು.

ಕೇಳಿದರೆ ಮುಗಿಯಿತು. ಅವನು ನನಗೆ ಹೇಳಬೇಕಾದದ್ದು ಇನ್ನೊಂದು ಉಳಿದಿದೆ ಅನ್ನುವಷ್ಟು ದಿನ... ಆದರೆ ಅವಳಿಗೂ ವಯಸ್ಸಾಗಿದೆ. ಅದನ್ನು ಒಬ್ಬಳೇ ಹೊತ್ತುಕೊಂಡು ಓಡಾಡುತ್ತಿದ್ದಾಳೆ, ಊಟ ಮಾಡುತ್ತಿದ್ದಾಳೆ, ಅವನ ಹಾಸಿಗೆಯಲ್ಲಿ ಮಲಗುತ್ತಿದ್ದಾಳೆ.

ಈಗ ಚಹಾ ಇಟ್ಟಿದ್ದಾಳೆ. ಕಪ್ಪುಗಳ ಸದ್ದು. ನನ್ನ ಹೆಸರು ಕರೆದಳು. ಪೂರ್ತಿ ಹೆಸರಲ್ಲ, ಅವನು ಕರೆಯುತ್ತಿದ್ದ ಹಾಗೆ. ಇವತ್ತು ಕೇಳಿಬಿಡಬೇಕು. ಎದ್ದು ಹೋಗಿ, ಎದುರು ಕೂತು, ಹೇಳು ಅನ್ನುತ್ತೇನೆ.